ಕೈಕೋಳದ ದೃಶ್ಯ

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ನ್ಯಾಯಾಧೀಶೆಯ ಪಾತ್ರ ಸಿಕ್ಕಿದ್ದು ನನ್ನ ಅಭಿನಯ ನೋಡಿ ಅಲ್ಲ, ನನ್ನ ಹತ್ತಿರ ಕರಿ ಕೋಟು ಇತ್ತು ಅಂತ. ದಿಲ್ಲಿಯ ಕೋರ್ಟಿನಲ್ಲಿ ನಾನು ವಕೀಲೆ ಎಂದು ಹೇಳಿಕೊಳ್ಳುತ್ತಿದ್ದೆ. ಹಾಗೆಂದು ಹೇಳುವ ಕಕ್ಷಿದಾರರು ಕಡಿಮೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಭ್ರೂಣಹತ್ಯೆ ಮಹಾಪಾಪ, ಕಾನೂನಿನ ಪ್ರಕಾರ ಅಪರಾಧ ಎಂದು ಊರ ಗೋಡೆಗಳ ಮೇಲೆಲ್ಲ ಹಿಂದಿಯಲ್ಲಿ ಬರೆದಿರುತ್ತಿತ್ತು. ನಮ್ಮವರೂ ಅದೇ ವಿಷಯದ ಮೇಲೆ ನಾಟಕ ಹೂಡಿದರು.

ಬರೆದು ಆಡಿಸುತ್ತಿದ್ದವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ನಾವು ಅವರನ್ನು ನಿರ್ದೇಶಕರು ಎನ್ನುತ್ತಿದ್ದೆವು, ಅವರಿಗೂ ಅದು ಇಷ್ಟ. ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ತಾಲೀಮು. ಕಥೆ ಇಷ್ಟೇ: ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ತಿಳಿದು ಸೊಸೆ ತೆಗೆಸುತ್ತಾಳೆ, ಪೊಲೀಸರು ಕೈಕೋಳ ಹಾಕುತ್ತಾರೆ, ನಾನು ಜೈಲು ಶಿಕ್ಷೆ ಓದುತ್ತೇನೆ, ಪರದೆ. ಮೊದಲು ಗಂಡನ ಪಾತ್ರವೂ ಇತ್ತು. ಆದರೆ ತಾಲೀಮಿಗೆ ಬರಲು ನಮ್ಮ ಗಂಡಸರಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ‘ಅವರು ಆಫೀಸಿಗೆ ಹೋಗಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಅವನನ್ನು ಮುಗಿಸಿದರು. ಪೊಲೀಸಿನ ಖಾಕಿಯನ್ನು ನಿರ್ದೇಶಕರ ಹೆಂಡತಿಯೇ ತೊಟ್ಟರು.

“ಸರ್, ಕಾನೂನು ಹೀಗಿಲ್ಲ,” ಎಂದೆ ನಾನು. “ಲಿಂಗಪತ್ತೆ ಮಾಡಿಸಿದ್ರೆ ಗಂಡನ ಮನೆಯವರೇ ಒತ್ತಾಯ ಮಾಡಿದ್ದಾರೆ ಅಂತ ಕೋರ್ಟು ಮೊದಲು ಅಂದ್ಕೊಳ್ಳುತ್ತೆ. ಹಿಡಿಯೋದು ಅವರನ್ನ, ಡಾಕ್ಟರನ್ನ.”

“ಕಾನೂನು ನಿಮ್ಮ ಕೋರ್ಟಲ್ಲಿರಲಿ ಮೇಡಂ. ಇಲ್ಲಿ ಜನಕ್ಕೆ ಕೈಕೋಳ ಕಾಣಬೇಕು.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಸೊಸೆಯ ಪಾತ್ರ ಮಾಡುತ್ತಿದ್ದವಳು ದಾವಣಗೆರೆ ಕಡೆಯ ಹುಡುಗಿ. ಗುರಗಾಂವ್‌ನ ಕಂಪನಿಯೊಂದರಲ್ಲಿ ಕೆಲಸ, ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ನನ್ನ ಉಪ್ಪಿಟ್ಟನ್ನು ಸಿಮೆಂಟು ಎಂದು ಹಂಗಿಸುವಷ್ಟು ಸಲಿಗೆ. ಒಂದು ಭಾನುವಾರ ಕೈಕೋಳದ ದೃಶ್ಯ ಬಂದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ನಿರ್ದೇಶಕರು, “ಅದ್ಭುತ, ಇದೇ ಭಯ ಬೇಕಿತ್ತು,” ಎಂದರು. ಎಲ್ಲರೂ ಹೋದ ಮೇಲೆ ಲೋಟ ತೊಳೆಯುವ ನೆಪದಲ್ಲಿ ಅವಳು ಅಡುಗೆಮನೆಯಲ್ಲಿ ಉಳಿದಳು.

“ಅಕ್ಕಾ, ಗಂಡೋ ಹೆಣ್ಣೋ ಗೊತ್ತಿಲ್ಲದೆ ತೆಗೆಸಿದ್ರೂ ಜೈಲಾ?”

ತಿರುಗಿ ಅವಳ ಮುಖ ನೋಡಿದೆ. ಕೇಳುವುದೇನೂ ಬೇಕಿರಲಿಲ್ಲ, ಮಿಕ್ಕದ್ದನ್ನು ಅವಳೇ ಹೇಳಿದಳು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗ ಪುಣೆಗೆ ವರ್ಗ ಮಾಡಿಸಿಕೊಂಡು ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಅವರು ಪೊಲೀಸರಿಗೆ ಹೇಳುತ್ತಾರೆಂದು ನಂಬಿ ಇವಳು ಔಷಧದಂಗಡಿಯ ಭಯ್ಯಾ ಕೊಟ್ಟ ಮಾತ್ರೆ ತಂದಿಟ್ಟುಕೊಂಡಿದ್ದಳು. ಕೋಣೆಯ ಚಿಲಕ ಹಾಕಿಕೊಂಡು ಒಬ್ಬಳೇ ನುಂಗುವುದೆಂದು ತೀರ್ಮಾನವಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ರಕ್ತ ಹೋಗಿ ನೀನು ಬಿದ್ದರೆ ಬಾಗಿಲು ಒಡೆಯೋರು ಯಾರೇ?” ಎಂದು ಗದರಿದೆ. ಸಿಟ್ಟು ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳೇ. ಅವಳು ಅತ್ತಳು. ಆಮೇಲೆ ಕೂರಿಸಿ ಬಿಡಿಸಿ ಹೇಳಿದೆ. ಶುರುವಿನ ತಿಂಗಳುಗಳಲ್ಲಿ ಅರ್ಹ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಲು ಕಾನೂನು ದಾರಿ ಬಿಟ್ಟಿದೆ. ಮದುವೆಯಾಗದವಳಿಗೆ ಆ ದಾರಿ ಸ್ವಲ್ಪ ಸುತ್ತಿಬಳಸಿದ್ದು, ಅವಳ ಮನಸ್ಸಿಗೆ ದೊಡ್ಡ ಪೆಟ್ಟು ಬೀಳುತ್ತದೆಂದು ಡಾಕ್ಟರಿಗೆ ಮನವರಿಕೆಯಾಗಬೇಕು, ಆದರೆ ದಾರಿ ಇದೆ. ಅಪರಾಧ ಯಾವುದೆಂದರೆ ಡಾಕ್ಟರಿಲ್ಲದೆ ತಾನೇ ಮಾಡಿಕೊಳ್ಳುವುದು. ಅದರಲ್ಲಿ ಹೆಂಗಸಿಗೂ ಶಿಕ್ಷೆ ಬರೆದಿಟ್ಟಿದ್ದಾರೆ. ಜೈಲಿಗೆ ಹೆದರಿ ಈ ಹುಡುಗಿ ಸೀದಾ ಜೈಲಿನ ದಾರಿಯನ್ನೇ ಹಿಡಿದಿದ್ದಳು.

“ಮತ್ತೆ ಅವನಿಗೆ?” ಎಂದಳು.

“ಅವನಿಗೇನು?”

“ಶಿಕ್ಷೆ.”

“ಅವರು ಆಫೀಸಿಗೆ ಹೋಗಿದ್ದಾರೆ,” ಎಂದೆ. ಮೂಗು ಒರೆಸಿಕೊಳ್ಳುತ್ತಲೇ ನಕ್ಕಳು. ನಾನೂ ನಕ್ಕೆ.

ಮರುದಿನ ನನಗೆ ಪರಿಚಯವಿದ್ದ ಒಬ್ಬ ಪಂಜಾಬಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಕೌಂಟರಿನವಳು ಗಂಡನ ಸಹಿ ಬೇಕೆಂದಳು. ಇವಳು ಪ್ರಾಪ್ತ ವಯಸ್ಸಿನವಳು, ಇವಳ ಸಹಿ ಸಾಕು, ಬೇಕಿದ್ದರೆ ಕಾನೂನು ಓದಿ ಹೇಳಲಾ ಎಂದು ನಾನು ಏರುದನಿ ಮಾಡಿದೆ. ಡಾಕ್ಟರಮ್ಮ ಹೊರಗೆ ಬಂದು ಹುಡುಗಿಯ ಭುಜ ಹಿಡಿದು, “ಚಲೋ ಬೇಟಾ,” ಎಂದು ಒಳಗೆ ಕರೆದೊಯ್ದರು. ಎಲ್ಲ ಮುಗಿದ ಮೇಲೆ ನಮ್ಮ ಮನೆಯಲ್ಲೇ ಮಲಗಿದಳು. ಎದ್ದವಳು, “ಹಸಿವು ಅಕ್ಕಾ, ಉಪ್ಪಿಟ್ಟು ಮಾತ್ರ ಬೇಡ,” ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಇನ್ನು ಆ ಪಾತ್ರ ಮಾಡುವುದಿಲ್ಲ ಎಂದಳು. ಬೇಡ, ಬಿಡು ಎಂದೆ. ನಿರ್ದೇಶಕರು ಈಗಿನ ಹುಡುಗಿಯರಿಗೆ ಜವಾಬ್ದಾರಿಯೇ ಇಲ್ಲವೆಂದು ಕೂಗಾಡಿದರು. ಸೊಸೆಯ ಮಾತುಗಳೆಲ್ಲ ಬಾಯಿಪಾಠವಾಗಿದ್ದದ್ದು ನನಗೊಬ್ಬಳಿಗೆ. ನಾನು ಒಲ್ಲೆ ಎಂದರೆ ಮತ್ತೆ ಅವಳ ಬೆನ್ನು ಬೀಳುತ್ತಿದ್ದರು, ಅದಕ್ಕೆ ಒಪ್ಪಿಕೊಂಡೆ. ನನ್ನ ಕೋಟು ತೊಟ್ಟು ನಿರ್ದೇಶಕರೇ ನ್ಯಾಯಾಧೀಶರಾದರು.

ವಾರ್ಷಿಕೋತ್ಸವದ ದಿನ ಸಭಾಂಗಣ ತುಂಬಿತ್ತು. ನಿರೂಪಕಿ ನನ್ನನ್ನು ವೃತ್ತಿಯಿಂದ ವಕೀಲೆ ಎಂದು ಪರಿಚಯಿಸಿದಳು. ನಾಟಕದ ಉದ್ದಕ್ಕೂ ಕೆಮ್ಮು, ಮಕ್ಕಳ ಅಳು, ಹಿಂದಿನ ಸಾಲಿನ ಹರಟೆ ಎಲ್ಲ ಇತ್ತು. ನನ್ನ ಕೈಗೆ ಕೋಳ ಬಿದ್ದಾಗ ಮಾತ್ರ ಜೋರಾಗಿ ಚಪ್ಪಾಳೆ. ಮುಂದಿನ ಸಾಲುಗಳಲ್ಲಿ ಇದ್ದವರು ನನಗೆ ಗೊತ್ತಿದ್ದವರೇ, ಯುಗಾದಿಗೆ ಒಟ್ಟಿಗೆ ಹೋಳಿಗೆ ತಿಂದವರು. ಒಳ್ಳೆಯ ಜನ. ಹೆಣ್ಣುಮಕ್ಕಳು ಉಳಿಯಲಿ ಎಂದೇ ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗಿಯನ್ನು ಹೆದರಿಸಿದ್ದು ಈ ಒಳ್ಳೆಯ ಜನವೇ ಎಂದು ನನಗೆ ಅಳು ಬಂತು. ಅಭಿನಯ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೊಗಳಿದರು.

ಜನ ಊಟಕ್ಕೆ ಸರಿದ ಮೇಲೆ, ದಿಲ್ಲಿಯಲ್ಲೇ ಬೆಳೆದ ಕಾಲೇಜು ಹುಡುಗಿಯೊಬ್ಬಳು ಮೆಟ್ಟಿಲ ಹತ್ತಿರ ಬಂದಳು.

“ಆಂಟಿ, ನೀವು ಸಚ್ ಮೇ, ನಿಜವಾಗ್ಲೂ ವಕೀಲರಾ? ನಿಮ್ಮ ನಂಬರ್ ಕೊಡ್ತೀರಾ? ಏಕ್ ಫ್ರೆಂಡ್‌ಗೆ ಬೇಕು.”

ನಂಬರ್ ಕೊಟ್ಟೆ. “ನಾಟಕದಲ್ಲಿ ತೋರಿಸಿದ್ದು ನಿಜವಲ್ಲ ಅಂತ ನಿನ್ನ ಫ್ರೆಂಡ್‌ಗೆ…” ಎನ್ನುವಷ್ಟರಲ್ಲಿ ಅವಳಮ್ಮ ಊಟಕ್ಕೆ ಕರೆದರು. ಅವರು ಮೊದಲ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದವರು. ಹುಡುಗಿ ಓಡಿದಳು.

ಎಷ್ಟೋ ತಿಂಗಳು, ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿ ಎತ್ತುತ್ತಿದ್ದೆ. ಮೇಡಂ, ಲೋನ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಎನ್ನುವವರೇ ಎಲ್ಲ. ಅವಳು ಮಾಡಲಿಲ್ಲ.