ನಾನು ಹಾಕದ ಸ್ವರ

"ದಪ್ಪ ಧ್ವನಿ ಒಂಚೂರು ಕೇಳತಾವ್ರಿ. ಸೀಟಿಯಂಥಾ ಧ್ವನಿ ಆಕಿಗಿ ಕೇಳೂದ ಇಲ್ಲ" ಎಂದು ಹುಕ್ಕೇರಿಯ ಕಿವಿ ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ಮಗಳಿಗಾಗ ಐದು ವರ್ಷ, ಮಾತು ಇನ್ನೂ ಬಂದಿರಲಿಲ್ಲ. ಹೊಸ ಜಾಗ, ತಲೆಗೆ ಕಟ್ಟಿದ ಯಂತ್ರ. ಧ್ವನಿ ಕೇಳಿದರೂ ಹೆದರಿ ಕೈ ಎತ್ತಿರಲಿಕ್ಕಿಲ್ಲ ಎಂದುಕೊಂಡೆ. ತೊಂಬತ್ತರ ದಶಕದ ಕೊನೆ ಅದು. ನಾನು ಗೋಕಾಕದ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಅಂಥದೇ ಯಂತ್ರ ನಾನೇ ಮಾಡಿ, ಮೂಡಲಗಿಯ ನಮ್ಮ ಪಡಸಾಲೆಯಲ್ಲಿ ಅವಳನ್ನು ಮತ್ತೆ ಪರೀಕ್ಷಿಸುತ್ತೇನೆಂದು ಹಟ ಹಿಡಿದೆ.

ಒಂದು ಅಲೆಯ ಏರಿಳಿತವನ್ನು ಅಂಕಿಗಳಾಗಿ ಮೆಮರಿ ಚಿಪ್ಪಿನಲ್ಲಿ ತುಂಬಿಟ್ಟೆ. ಸಣ್ಣ ಹೆಜ್ಜೆ ಇಟ್ಟು ಆ ಅಂಕಿಗಳನ್ನು ಓದಿಸಿದರೆ ಹೆಡ್‌ಫೋನಿನಲ್ಲಿ ದಪ್ಪ ಧ್ವನಿ; ಜಿಗಿಜಿಗಿದು ಓದಿಸಿದರೆ ಸೀಟಿ.

ಮೊದಲ ಸಲವೇ ಸೀಟಿ ಕೊಟ್ಟೆ. ಮಗಳ ಕೈ ಮೇಲೆ ಹೋಯಿತು. ನಿಲ್ಲಿಸಿದೆ, ಇಳಿಯಿತು.

"ನಮ್ಮ ಕೂಸಿಗಿ ಕೇಳತೈತಿ! ಆ ಡಾಕ್ಟರಗ ಏನ್ ತಿಳೀತೈತಿ!" ಎಂದು ಅತ್ತೆ ದೇವರ ಜಗುಲಿಯ ಮುಂದೆ ಕೂತುಬಿಟ್ಟರು. ಗಂಡ ಕಲ್ಲೋಳಿಯ ಬೀಗರಿಗೆಲ್ಲ ಪೇಢೆ ಕೊಟ್ಟು ಬಂದರು. ಡಾಕ್ಟರು ಹೇಳಿದ್ದ ಕಿವಿಯ ಮಷೀನು ಹಾಕಿಸುವ ಮಾತೇ ನಿಂತಿತು.

ಕೆಲವು ದಿನ ಕಳೆದು ಅದೇ ಸೀಟಿ ಕೊಟ್ಟಾಗ ಅವಳು ಖುಷಿಯಿಂದ ಅದರ ಜೊತೆ ಗುನುಗತೊಡಗಿದಳು. "ಊಂ..." ಎಂದು, ದುಂಬಿಯ ಹಾಗೆ, ಎದೆಯಿಂದ.

"ಹಾಡಾಕತ್ತಾಳ ನೋಡ!" ಎಂದರು ಅತ್ತೆ.

ಸೀಟಿ ಕೇಳುವವಳು ಇಷ್ಟು ದಪ್ಪಗೆ ಯಾಕೆ ಗುನುಗುತ್ತಾಳೆ? ಹೆಡ್‌ಫೋನು ನನ್ನ ಕಿವಿಗಿಟ್ಟುಕೊಂಡೆ. ಸೀಟಿಯ ಅಡಿಯಲ್ಲಿ ಸಣ್ಣಗೆ ಒಂದು ಗುಂಯ್ ಇತ್ತು, ನಾನು ಹಾಕದ ಸ್ವರ. ಜಿಗಿತ ಅಂಕಿಯ ಮೇಲೆ ಸರಿಯಾಗಿ ಬೀಳದೆ ಪ್ರತಿಸಲ ತುಸು ತಪ್ಪುತ್ತಿತ್ತು. ಆ ತಪ್ಪೇ ಮರುಕಳಿಸಿ ಮರುಕಳಿಸಿ ಬೇರೆ ಧ್ವನಿಯಾಗಿತ್ತು. ಮಗಳಿಗೆ ಕೇಳುತ್ತಿದ್ದದ್ದು ಅದೊಂದೇ.

ಫಿಲ್ಟರ್ ಹಾಕಿದೆ. ಅದು ಮೇಲಿನ ಧ್ವನಿ ತಡೆಯುವಂಥದ್ದು, ಈ ಗುಂಯ್ ಸೀಟಿಗಿಂತ ಕೆಳಗಿತ್ತು. ಅಂಕಿಗಳನ್ನು ಹೆಚ್ಚಿಸಿದೆ. ಗುಂಯ್ ಕುಗ್ಗಿತು, ಆದರೂ ಅವಳ ಕೈ ಏಳುತ್ತಿತ್ತು. ಎದ್ದಾಗೆಲ್ಲ, ಇಷ್ಟಕ್ಕೇ ಬಿಟ್ಟುಬಿಡು ಎಂದು ಮನಸ್ಸು ಗೋಗರೆಯುತ್ತಿತ್ತು.

"ಯಾಕ ಮತ್ತ ಮತ್ತ ಬಿಚ್ಚಾಕತ್ತಿ? ಕೇಳತೈತಲ್ಲ?" ಎಂದರು ಗಂಡ.

"ಆಕಿಗಿ ಕೇಳಾಕತ್ತಿದ್ದು ಸೀಟಿ ಅಲ್ರಿ."

ಅವರು ಎದ್ದು ಹೊರಗೆ ಹೋದರು.

ಕೊನೆಗೆ, ಪ್ರತಿ ಜಿಗಿತಕ್ಕೂ ಗೊತ್ತುಗುರಿಯಿಲ್ಲದ, ಪ್ರತಿಸಲ ಬದಲಾಗುವ ಚಿಕ್ಕ ಅಂಕಿಯೊಂದನ್ನು ಕೂಡಿಸಿದೆ. ತಪ್ಪಿಗೆ ಮರುಕಳಿಸಲು ದಾರಿ ಸಿಗಲಿಲ್ಲ. ಗುಂಯ್ ಚದುರಿ, ಇದ್ದೂ ಇಲ್ಲದಂಥ ಸುಂಯ್ ಆಯಿತು.

ಮಧ್ಯಾಹ್ನ ಅವಳನ್ನು ಕೂರಿಸಿ ಸೀಟಿ ಕೊಟ್ಟೆ. ನನ್ನ ಮುಖವನ್ನೇ ನೋಡುತ್ತ ಕೂತಳು. ಜೋರು ಮಾಡಿದೆ, ಇನ್ನೂ ಜೋರು. ಕೈ ತೊಡೆಯ ಮೇಲೇ ಇತ್ತು. ಎಲ್ಲಿ ಹೋಯಿತು ಎನ್ನುವ ಹಾಗೆ ಹೆಡ್‌ಫೋನನ್ನು ತಟ್ಟಿ ನೋಡಿದಳು.

"ಮೊದಲಿನಂಗ ಮಾಡವಾ, ಅದ ಚಲೋ ಇತ್ತು" ಎಂದು ಅತ್ತೆ ಅತ್ತರು. ನನಗೆ ಅಳುವೂ ಬರಲಿಲ್ಲ. ಹುಚ್ಚಿಯ ಹಾಗೆ ಗುಂಡಿ ತಿರುಗಿಸುತ್ತಲೇ ಇದ್ದೆ. ಗಂಡ ಬಂದು ನನ್ನ ಕೈ ಹಿಡಿದರು.

ಮತ್ತೆ ಹುಕ್ಕೇರಿಗೆ ಹೋದೆವು. ಡಾಕ್ಟರು ಬೈಯಲಿಲ್ಲ. "ದಪ್ಪ ಧ್ವನಿ ಐತಲ್ರಿ, ಅದನ್ನ ಹಿಡಕೊಂಡ ಹೋಗೂಣು" ಎಂದು ಮಷೀನು ಹಾಕಿಸಿದರು. ಮುಂದಿನ ವರ್ಷ ಅವಳು "ಅವ್ವಾ" ಅಂದಳು. ಸೀಟಿಯಂಥ ಧ್ವನಿಯ ಸ, ಶ ಬರಲೇ ಇಲ್ಲ. "ಸಾಲಿಗಿ" ಅನ್ನಲು ಬಾರದೆ "ಆಲಿಗಿ ಹೋಗತೇನಿ" ಎಂದು ಶಾಲೆಗೆ ಹೊರಡುತ್ತಿದ್ದಳು, ಓಣಿಯವರು ನಗುತ್ತಿದ್ದರು. ತಮ್ಮ ಕೂಸನ್ನು ನಾನೇ ಕಿವುಡು ಮಾಡಿದೆನೆಂಬ ಸಿಟ್ಟು ಅತ್ತೆಗೆ ಕಡೆತನಕ ಹೋಗಲಿಲ್ಲ.