ಗಂಗರತ್ನಮ್ಮನ ಟೀಮಿನಲ್ಲಿ ಇಲ್ಲದ ಹೆಸರು

ಶನಿವಾರ ಮಧ್ಯಾಹ್ನ ಗಂಗರತ್ನಮ್ಮನ ಟೀಮನ್ನು ಫ್ಯಾಕ್ಟರಿ ಕ್ಯಾಂಟೀನ್ ಗೋಡೆಗೆ ಅಂಟಿಸಿದ್ದೇ ತಡ, ತಟ್ಟೆ ಹಿಡಿದವರೆಲ್ಲ ಅಲ್ಲೇ ನಿಂತುಬಿಟ್ಟರು. ಹನ್ನೊಂದು ಹೆಸರಿದ್ದವು. ಆಕೆಯ ಸ್ವಂತ ಮಗ ಮುನೀಂದ್ರನ ಹೆಸರು ಮಾತ್ರ ಇರಲಿಲ್ಲ. ಮುಂದಿನ ಸಾಲಿನಲ್ಲಿ, ಅವನಿರಬೇಕಾದ ಜಾಗದಲ್ಲಿ, ನಂದೀಶ ಎಂದಿತ್ತು. ನಂದೀಶ ಒಳ್ಳೆಯ ಹುಡುಗನೇ. ಆದರೆ ಆ ವರ್ಷ ಅವನು ಗೋಲಿಗೆ ಗುರಿಯಿಟ್ಟು ಒದ್ದ ಚೆಂಡುಗಳಲ್ಲಿ ಅರ್ಧ ಮತ್ತಿಗಿರಿ ರಸ್ತೆಗೆ ಹೋಗಿ ಬಿದ್ದಿದ್ದವು.

ಮಾರನೆಯ ದಿನ ಫ್ಯಾಕ್ಟರಿ ಹುಡುಗರ ಫುಟ್‌ಬಾಲ್ ಫೈನಲ್. ಅದನ್ನು ನೋಡಿ ಕಾಂಟ್ರಾಕ್ಟ್ ಹುಡುಗರಲ್ಲಿ ಇಬ್ಬರನ್ನು ಪರ್ಮನೆಂಟ್ ಮಾಡುತ್ತೇವೆ ಎಂದು ಆಫೀಸಿನವರು ಬಾಯಿಬಿಟ್ಟು ಹೇಳಿದ್ದರು. ಮುನೀಂದ್ರ ಕಾಂಟ್ರಾಕ್ಟ್ ಹುಡುಗ.

ನಾನು ಪ್ರೆಸ್ ಶಾಪಿನವನು. ಮತ್ತಿಗಿರಿಯಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಗೋಡೆ ಮೇಲಿನ ಹೆಸರು ಓದುವಷ್ಟು ಅಕ್ಷರ ಬರುತ್ತದೆ. ಒಂದು ಸಲ ಓದಿದೆ, ನಂಬಿಕೆ ಬರದೆ ಇನ್ನೊಂದು ಸಲ ಓದಿದೆ. ಪಿತ್ತ ನೆತ್ತಿಗೇರಿತು.

ಈ ಟೀಮಿನ ಆಟ ಏನೆಂದು ಹೇಳಬೇಕು. ಅದನ್ನು ನಮ್ಮಲ್ಲಿಗೆ ತಂದವನು ಟೂಲ್ ರೂಮಿನ ಪ್ರಮೋದ್, ತಿಪಟೂರಿನ ಕಡೆಯ ಹುಡುಗ, ಡಿಪ್ಲೊಮಾ ಓದಿದವನು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರನ್ನು ಆರಿಸಿ ಕಂಪ್ಯೂಟರಿನಲ್ಲಿ ತನ್ನದೇ ಟೀಮು ಕಟ್ಟುತ್ತಿದ್ದ. ಅವರು ಅಲ್ಲಿ ಗೋಲು ಹೊಡೆದರೆ ಇವನಿಗೆ ಇಲ್ಲಿ ಪಾಯಿಂಟು. ಕಂಡಿಲ್ಲದ ದೊರೆಗಳ ಮಕ್ಕಳು ನಮಗೆ ಯಾಕಪ್ಪ, ನಮ್ಮ ಹುಡುಗರನ್ನೇ ಇಟ್ಟುಕೊಂಡು ಆಡೋಣ ಎಂದು ಯಾರೋ ಅಂದರು. ಹೊಸೂರಿನ ಸುತ್ತಮುತ್ತಲ ಫ್ಯಾಕ್ಟರಿಗಳ ನಡುವೆ ವರ್ಷಕ್ಕೊಂದು ಸಲ ಎಳೆ ಹುಡುಗರ ಟೂರ್ನಮೆಂಟು ನಡೆಯುತ್ತಿತ್ತು. ಎಲ್ಲ ಮ್ಯಾಚೂ ನಮ್ಮ ಕ್ಯಾಂಟೀನ್ ಪಕ್ಕದ ಬಯಲಿನಲ್ಲೇ. ಪ್ರತಿ ಸುತ್ತಿಗೂ ಮುಂಚೆ ನಾವು ಒಬ್ಬೊಬ್ಬರೂ ಹನ್ನೊಂದು ಹುಡುಗರನ್ನು ಆರಿಸಿ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಒಂದು ಫ್ಯಾಕ್ಟರಿಯಿಂದ ಮೂವರಿಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ. ಗೋಲು ಹೊಡೆದವನಿಗೆ, ಹೊಡೆಸಿದವನಿಗೆ ಪಾಯಿಂಟು. ಹಳದಿ ಕಾರ್ಡು ತಿಂದರೆ ಕಡಿತ. ಗೆದ್ದವರಿಗೆ ಬಿಡಿಗಾಸೂ ಇಲ್ಲ. ಮುಂದಿನ ವರ್ಷದವರೆಗೆ ಗೋಡೆ ಮೇಲೆ ಹೆಸರು, ಅಷ್ಟೇ. ಅಷ್ಟಕ್ಕೇ ಜನ ಮಾತು ಬಿಟ್ಟರು, ಬೀಡಿ ಹಂಚಿಕೊಳ್ಳುವುದನ್ನು ಬಿಟ್ಟರು.

ಮೊದಲೆರಡು ವರ್ಷವೂ ಆ ಹೆಸರು ಅಡುಗೆಯ ಗಂಗರತ್ನಮ್ಮನದೇ.

ಆಕೆಗೆ ಓದು ಬರಹ ಇಲ್ಲ. ಬಾಯಲ್ಲಿ ಹೇಳುತ್ತಿದ್ದಳು, ಪ್ರಮೋದ್ ಬರೆದುಕೊಳ್ಳುತ್ತಿದ್ದ. ಹುಟ್ಟಿದ್ದು ಸಾನಮಾವು ಕಾಡಿನ ಅಂಚಿನಲ್ಲಿ. ರಾಗಿ ಹೊಲದ ಅಟ್ಟಣೆ ಮೇಲೆ ಕೂತು ಆನೆ ಯಾವ ಕಡೆಯಿಂದ ಬರುತ್ತದೆ ಎಂದು ಕಾಯುತ್ತ ಬೆಳೆದವಳು. ಗಂಡ ಬಚ್ಚಪ್ಪ ಗುಲಾಬಿ ತೋಟದಲ್ಲಿ ವಾಚ್‌ಮನ್. ಒಲೆಯ ಎದುರಿನ ಕಿಟಕಿಯಿಂದ ಬಯಲು ಪೂರ್ತಿ ಕಾಣುತ್ತಿತ್ತು. ಸೌಟು ಆಡಿಸುತ್ತಲೇ ಹುಡುಗರನ್ನು ನೋಡುತ್ತಿದ್ದಳು. ಆಡಿ ಪಳಗಿದವರನ್ನು ಯಾರು ಬೇಕಾದರೂ ಆರಿಸುತ್ತಾರೆ, ಇವರು ಎಳೆಯರು, ಇವತ್ತು ಹುಲಿ ನಾಳೆ ಇಲಿ, ಇವರನ್ನು ಆರಿಸೋದೇ ಕಷ್ಟ ಎನ್ನುತ್ತಿದ್ದಳು. ಬಿದ್ದ ಹುಡುಗ ಮೊದಲು ಮಂಡಿ ನೋಡಿಕೊಳ್ಳುತ್ತಾನೋ ಚೆಂಡು ನೋಡುತ್ತಾನೋ, ಆಕೆಯ ಮೊದಲ ಲೆಕ್ಕ ಅದು. ಗೋಲು ತಪ್ಪಿಸಿದವನು ಊಟಕ್ಕೆ ಹೇಗೆ ಬರುತ್ತಾನೆ, ಅದು ಎರಡನೆಯದು. ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದವನನ್ನು ಟೀಮಿನಿಂದ ತೆಗೆಯುತ್ತಿದ್ದಳು. ಇನ್ನೊಂದು ಸೌಟು ಸಾರು ಕೇಳಿದವನನ್ನು ಉಳಿಸಿಕೊಳ್ಳುತ್ತಿದ್ದಳು. ಪ್ರಮೋದ್ ಹೋದ ವರ್ಷದ ಗೋಲುಗಳ ಲೆಕ್ಕ ಇಟ್ಟುಕೊಂಡು ವಾದಕ್ಕೆ ಬರುತ್ತಿದ್ದ. ಎಷ್ಟೋ ಸಲ ಅವನೇ ಸರಿಯಾಗಿರುತ್ತಿದ್ದ. ಆಕೆ ಆಣೆ ಇಟ್ಟು ಆರಿಸಿದ ಶೂಳಗಿರಿಯ ಹುಡುಗನೊಬ್ಬ ತನ್ನ ಗೋಲಿಗೇ ತಾನು ಹೊಡೆದಾಗ, ಆ ಟೂರ್ನಮೆಂಟು ಮುಗಿಯುವವರೆಗೂ ಕ್ಯಾಂಟೀನಿನಲ್ಲಿ ಸಾರಿಗೆ ಉಪ್ಪು ಕೇಳುವ ನೆಪದಲ್ಲಿ ಜನ ಆ ಹುಡುಗನ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಆದರೂ ನಮ್ಮ ಫ್ಯಾಕ್ಟರಿಯ ಆಡುವ ಟೀಮು ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ಮುತ್ತರಾಯಪ್ಪನಿಗೆ ಆಕೆಯ ಕಣ್ಣಿನ ಮೇಲೆ ಭಕ್ತಿ. ಆಕೆ ಬಿಟ್ಟ ಹುಡುಗನನ್ನು ಆಡಿಸಿ ಒಂದು ಸಲ ಕೈ ಸುಟ್ಟುಕೊಂಡಿದ್ದ. ಆಮೇಲಿಂದ ಗೋಡೆ ನೋಡದೆ ಟೀಮು ಹೇಳುತ್ತಿರಲಿಲ್ಲ.

ಮುಂಚಿನ ಸುತ್ತುಗಳಲ್ಲೂ ಆಕೆ ಮಗನನ್ನು ಆರಿಸಿರಲಿಲ್ಲ. ಒಂದು ಫ್ಯಾಕ್ಟರಿಗೆ ಮೂವರೇ ಎಂಬ ಕಟ್ಟು ಇದ್ದದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫೈನಲಿಗೆ ಆ ಕಟ್ಟು ಇಲ್ಲ. ಇರುವುದೇ ಎರಡು ಟೀಮು, ನಮ್ಮದೂ ಕೃಷ್ಣಗಿರಿ ಕಡೆಯ ಗ್ರಾನೈಟ್‌ನವರದೂ. ಆ ಎರಡು ಟೀಮಿನ ಹುಡುಗರಲ್ಲೇ ಹನ್ನೊಂದು ಆರಿಸಬೇಕು. ಅಷ್ಟಿದ್ದೂ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಮಗನನ್ನು ತಾಯಿ ಬಿಟ್ಟಿದ್ದಾಳೆ.

ಹಿಂದಿನ ವಾರ ಸೆಮಿಫೈನಲಿನಲ್ಲಿ ಮುನೀಂದ್ರನ ಕಾಲಿನ ಗಿಣ್ಣಿಗೆ ಏಟು ಬಿದ್ದಿತ್ತು. ವಾಸಿಯಾಗಿದೆ ಎನ್ನುತ್ತಿದ್ದ. ಯಾವ ಹುಡುಗ ತಾನೇ ವಾಸಿಯಾಗಿಲ್ಲ ಎನ್ನುತ್ತಾನೆ? ಈಗ ಗೋಡೆ ನೋಡಿದವರೆಲ್ಲ ಒಂದೇ ಮಾತು ಆಡಿದರು: ಮನೆಯಲ್ಲಿ ಏಟಿಗೆ ಪಟ್ಟು ಹಾಕುವವಳು ಆಕೆ, ಕಾಲು ಹೇಗಿದೆ ಅಂತ ಆಕೆಗೆ ಗೊತ್ತು. ಸಂಜೆ ಶಿಫ್ಟು ಬಿಡುವ ಹೊತ್ತಿಗೆ ಮುತ್ತರಾಯಪ್ಪ ಟೀಮು ಹೇಳಿದ. ಮುಂದೆ ನಂದೀಶ. ಮುನೀಂದ್ರ ಬೆಂಚಿಗೆ.

ಮತ್ತಿಗಿರಿಗೆ ಬಂದಾಗ ಮುನೀಂದ್ರ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ, ಬೂಟಿನ ದಾರ ಬಿಚ್ಚುತ್ತ, ಮತ್ತೆ ಕಟ್ಟುತ್ತ. ನನ್ನ ಮುಖ ನೋಡಲಿಲ್ಲ.

"ಊರೆಲ್ಲಾ ನನ್ ನಂಬೈತೆ ಮಾಮ. ನಮ್ಮಮ್ಮ ನಂಬಿಲ್ಲ," ಅಂದ.

ನಾನು ಹಿತ್ತಲಿಗೆ ಹೋದೆ. ಗಂಗರತ್ನಮ್ಮ ರುಬ್ಬುತ್ತಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಗೋಡೆ ಮೇಲಿನ ಹೆಸರಿನ ಆಸೆಗೆ ಮಗನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ, ನೀನು ತಾಯಿಯೋ ಯಾರೋ ಎಂದೆ. ಆಕೆ ಕೈ ನಿಲ್ಲಿಸಲಿಲ್ಲ. ನಾನು ಉಸಿರು ತಗೊಳ್ಳಲು ನಿಂತಾಗ ಮೆಲ್ಲಗೆ ಅಂದಳು:

"ಕಾಲು ನೆಟ್ಟಗೈತೆ ಕಣಣ್ಣ. ನನ್ ಬಾಯಿಗೆ ಅವನ ಹೆಸ್ರು ಬರಾಕಿಲ್ಲ."

ಆಮೇಲೆ ಹೇಳಿದಳು. ಮುನೀಂದ್ರನಿಗಿಂತ ಮುಂಚೆ ಒಂದು ಗಂಡು ಮಗು ಇತ್ತು. ಕೆಲಮಂಗಲದಲ್ಲಿ ನೆಂಟರ ಮದುವೆ. ಮಗುವಿಗೆ ಹೊಸ ಅಂಗಿ ತೊಡಿಸಿ ಎತ್ತಿಕೊಂಡು, ನನ್ನ ಮಗನಂಥ ಮಗ ಈ ಚಪ್ಪರದಲ್ಲಿ ಇನ್ನೊಂದಿದ್ದರೆ ತೋರಿಸಿ ಎಂದು ಹತ್ತು ಜನರ ಮುಂದೆ ಅಂದಿದ್ದಳಂತೆ. ಅದೇ ವಾರ ಜ್ವರ ಬಂದು ಮಗು ಹೋಯಿತು. ಹೆತ್ತೋಳ ಕಣ್ಣು ಹೆಮ್ಮಾರಿ ಕಣ್ಣು ಎಂದು ಅತ್ತೆ ಅಂದಳು. ಮುನೀಂದ್ರ ಹುಟ್ಟಿದಾಗ ತಿಪ್ಪೆಯ ಮೇಲೆ ಉರುಳಿಸಿ, ಎಸೆದ ಕೂಸು ಎಂಬಂತೆ ಎತ್ತಿಕೊಂಡರು. ಮುನೀಂದ್ರ ಎಂಬ ಹೆಸರು ಸ್ಕೂಲಿಗೂ ಗೇಟ್ ಪಾಸಿಗೂ. ತಾಯಿಗೆ ಅವನು ತಿಪ್ಪ. ಅವನು ಗೋಲು ಹೊಡೆದು ಬಂದರೆ "ಬಂದ ಸೋಂಬೇರಿ" ಅನ್ನುವಳೇ ಹೊರತು ಒಂದು ದಿನ ಭೇಷ್ ಅಂದವಳಲ್ಲ. ನಾವು ಅದನ್ನು ಬಾಯಿ ಜೋರು ಅಂದುಕೊಂಡಿದ್ದೆವು. ಈ ಹನ್ನೊಂದರಲ್ಲಿ ಇವನಿದ್ದಾನೆ ಎಂದು ಊರ ಮುಂದೆ ಗೋಡೆಗೆ ಅಂಟಿಸುವುದಕ್ಕೂ ಚಪ್ಪರದಲ್ಲಿ ಎತ್ತಿ ತೋರಿಸುವುದಕ್ಕೂ ಆಕೆಗೆ ವ್ಯತ್ಯಾಸವೇ ಇರಲಿಲ್ಲ.

ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಮಗುವಿನ ಕೆನ್ನೆಗೆ ಕರೀ ಬೊಟ್ಟಿಟ್ಟೇ ಬೀದಿಗೆ ಬಿಡುವುದು. ಮಗನಿಗಾದರೂ ಕಾರಣ ಹೇಳು ಎಂದೆ. ಹೇಳಿದರೆ ಅದೂ ಹೊಗಳಿದ ಹಾಗೇ ಆಗುತ್ತದಲ್ಲ ಎಂದಳು.

ಬೆಳಿಗ್ಗೆ ಮುತ್ತರಾಯಪ್ಪನನ್ನು ಬಯಲಿನಲ್ಲೇ ಹಿಡಿದೆ. ಸುಣ್ಣದ ಗೆರೆ ಎಳೆಸುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನಂಬಲಿಲ್ಲ. ಪಕ್ಕದ ಮನೆಯವನು, ಹುಡುಗನಿಗಾಗಿ ಕಥೆ ಕಟ್ಟುತ್ತೀಯ ಅಂದ. ಕಾಲು ಹೋದವನನ್ನು ಇಳಿಸಿ ಅವನು ಅಲ್ಲೇ ಕುಸಿದರೆ, ಕುರ್ಚಿ ಹಾಕಿಕೊಂಡು ಕೂತ ಆಫೀಸಿನವರ ಮುಂದೆ ಅವನ ಬಾಳು ಮುಗಿಯುತ್ತದೆ, ನಾನು ಅವನನ್ನು ಉಳಿಸುತ್ತಿದ್ದೇನೆ ಅಂದ. ನನ್ನ ದನಿ ಏರಿತು, ಅವನದೂ ಏರಿತು. ಸುಣ್ಣದ ಬಕೆಟ್ಟು ನನ್ನ ಕಾಲು ತಾಗಿ ಉರುಳಿತು. ಕೊನೆಗೆ ಅವನು ಒಂದೇ ಮಾತು ಅಂದ:

"ನಿನ್ ಬಾಯಲ್ಲಿ ಬೇಡ. ಆಯಮ್ಮ ಬಂದು ಹೆಸರಿಟ್ಟು ಹೇಳ್ಲಿ. ಆವಾಗ ಇಳಿಸ್ತೀನಿ."

ಅದನ್ನು ಆಕೆಗೆ ಮುಟ್ಟಿಸಿದೆ. ಆಕೆ ಚಹಾ ಹಂಡೆಯ ಮುಚ್ಚಳ ಹಿಡಿದು ನಿಂತಳು. ಆಮೇಲೆ ಮುಚ್ಚಳ ಹಾಕಿ ಲೋಟ ತೊಳೆಯತೊಡಗಿದಳು.

ಮ್ಯಾಚು ಶುರುವಾಯಿತು. ಶಾಮಿಯಾನದ ಕೆಳಗೆ ಆಫೀಸಿನವರು. ಬೆಂಚಿನಲ್ಲಿ ಮುನೀಂದ್ರ, ತಲೆ ಮೇಲೆ ಟವೆಲ್ಲು. ಗ್ರಾನೈಟ್‌ನವರು ಕಲ್ಲಿನಂಥ ಹುಡುಗರು, ಮೈಗೆ ಮೈ ಕೊಟ್ಟು ಆಡಿದರು. ನಂದೀಶನಿಗೆ ಮೂರು ಸಲ ಚೆಂಡು ಸಿಕ್ಕಿತು, ಮೂರು ಸಲವೂ ಗೋಲಿನ ಮೇಲಿಂದ ಹಾರಿಸಿದ. ಅರ್ಧ ಆಟ ಮುಗಿಯುವ ಮುಂಚೆ ಅವರು ಒಂದು ಗೋಲು ಹೊಡೆದರು. ಶಾಮಿಯಾನದಿಂದ ಒಬ್ಬರು ಎದ್ದು ಕಾರಿನ ಕಡೆ ನೋಡಿದರು.

ಬಿಡುವಿನಲ್ಲಿ ಹುಡುಗರಿಗೆ ನಿಂಬೆ ಪಾನಕ ಕೊಡುವುದು ಗಂಗರತ್ನಮ್ಮನ ಕೆಲಸ. ಬಕೆಟ್ಟು ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಳು. ಬೆಂಚಿನ ಹತ್ತಿರ ಹೋಗಿ ಲೋಟ ಚಾಚಿದಳು. ಮುನೀಂದ್ರ ಟವೆಲ್ಲು ಎತ್ತಲಿಲ್ಲ, ಲೋಟ ಮುಟ್ಟಲಿಲ್ಲ. ಹಿಂದಿನ ಸಾಯಂಕಾಲದಿಂದ ಅವನ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು ಆಕೆಗೆ ಗೊತ್ತಿತ್ತು. ಮುದ್ದೆ ಬಿಟ್ಟೆದ್ದ ಹುಡುಗ ಏನಾಗುತ್ತಾನೆ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಆ ಲೋಟ ಹಿಡಿದುಕೊಂಡೇ ಮುತ್ತರಾಯಪ್ಪನ ಮುಂದೆ ಹೋಗಿ ನಿಂತಳು.

"ಕಾಲು ನೆಟ್ಟಗೈತೆ ಕಣಣ್ಣ," ಅಂದಳು.

"ಯಾರ ಕಾಲಮ್ಮ?"

"ಇವನ್ದು."

"ಇವನು ಅಂದ್ರೆ? ಇಲ್ಲಿ ಇಷ್ಟು ಹುಡುಗ್ರವ್ರೆ."

ನನಗೆ ಅವನ ಕುತ್ತಿಗೆ ಪಟ್ಟಿ ಹಿಡಿಯಬೇಕೆನಿಸಿತು. ಪ್ರಮೋದ್ ನನ್ನ ರಟ್ಟೆ ಹಿಡಿದುಕೊಂಡ. ಲೋಟದಿಂದ ಪಾನಕ ಆಕೆಯ ಪಾದದ ಮೇಲೆ ಚೆಲ್ಲುತ್ತಿತ್ತು. ರೆಫ್ರಿ ಸೀಟಿ ಬಾಯಿಗಿಟ್ಟ.

"ಮುನೀಂದ್ರ," ಅಂದಳು. "ನನ್ ಮಗ ಮುನೀಂದ್ರ. ಕಾಲು ನೆಟ್ಟಗೈತೆ. ಇವನಂಗೆ ಆಡೋನು ಈ ಬಯಲ್ನಾಗೆ ಇನ್ನೊಬ್ಬ ಇಲ್ಲ. ದಿನಾ ಕಿಟಕೀಲಿ ನೋಡ್ತೀನಿ, ನಂಗೊತ್ತು."

ಅಂದವಳೇ ಸೆರಗು ಬಾಯಿಗೆ ತುರುಕಿಕೊಂಡಳು. ಮುನೀಂದ್ರ ಟವೆಲ್ಲು ತೆಗೆದು ತಾಯಿಯನ್ನೇ ನೋಡಿದ. ಆ ಬಾಯಿಂದ ಆ ಹೆಸರು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಕೆಟ್ಟಿನಿಂದ ತಾನೇ ಒಂದು ಲೋಟ ಮೊಗೆದು ಕುಡಿದ. ಮುತ್ತರಾಯಪ್ಪ ಹಿಂದಿನ ಸಾಲಿನವನೊಬ್ಬನನ್ನು ತೆಗೆದು ಅವನನ್ನು ಇಳಿಸಿದ.

ಗಂಗರತ್ನಮ್ಮ ಆಟ ನೋಡಲಿಲ್ಲ. ಕ್ಯಾಂಟೀನ್ ಗೋಡೆಗೆ ಮುಖ ಮಾಡಿ ನಿಂತಳು. ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋಗಬೇಕು. ಹೆಸರು ಎತ್ತಬಾರದು, ಚೆಂಡು ಎಲ್ಲಿದೆ ಎಂದಷ್ಟೇ ಹೇಳಬೇಕು. ಹೇಳಿದೆ. ಚೆಂಡು ನಮ್ಮದು. ಚೆಂಡು ಬಲಗಡೆ ಹೋಯಿತು. ವಾಪಸು ಬಂತು. ಆಮೇಲೆ ಗ್ರಾನೈಟ್‌ನವನೊಬ್ಬ ಅಡ್ಡ ಬಂದು ಒದ್ದ, ಅದೇ ಕಾಲಿಗೆ, ಅದೇ ಗಿಣ್ಣಿಗೆ. ಬಯಲು ಪೂರ್ತಿ ಸದ್ದಡಗಿತು.

"ಏನಾಯ್ತಣ್ಣ?"

"ಬಿದ್ದವ್ನೆ."

ಆಕೆಯ ಅಂಗೈ ಗೋಡೆಗೆ ಒತ್ತಿಕೊಂಡಿತು. ತಿರುಗಲಿಲ್ಲ.

"ಏನ್ ನೋಡ್ತಾವ್ನೆ? ಮಂಡಿನೋ, ಚೆಂಡೋ?"

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಮಣ್ಣಿನಲ್ಲಿ ಬೋರಲು ಬಿದ್ದಿದ್ದ. ಕತ್ತು ಮಾತ್ರ ಎತ್ತಿದ್ದ.

"ಚೆಂಡು," ಅಂದೆ.

ಆಕೆ ಬಿಟ್ಟ ಉಸಿರು ನನಗೆ ಕೇಳಿಸಿತು.

ಎದ್ದ. ಒಂದೆರಡು ಹೆಜ್ಜೆ ಕುಂಟಿ, ಆಮೇಲೆ ನೆಟ್ಟಗಾದ. ಆಟ ಮುಗಿಯುತ್ತ ಬಂದಿತ್ತು. ಇಬ್ಬರನ್ನು ದಾಟಿ, ತಾನೇ ಹೊಡೆಯಬಹುದಾದ ಚೆಂಡನ್ನು ಪಕ್ಕಕ್ಕೆ ತಳ್ಳಿದ. ಅಲ್ಲಿ ನಂದೀಶ ಒಬ್ಬನೇ ಇದ್ದ, ಎದುರಿಗೆ ಖಾಲಿ ಗೋಲು. ಅದನ್ನು ರಸ್ತೆಗೆ ಒದೆಯಲು ನಂದೀಶನಿಂದಲೂ ಆಗಲಿಲ್ಲ. ಸಮ ಆಯಿತು. ಆಮೇಲೆ ಪೆನಾಲ್ಟಿಯಲ್ಲಿ ನಾವು ಸೋತೆವು. ಕಪ್ಪು ಕೃಷ್ಣಗಿರಿಗೆ ಹೋಯಿತು. ಆದರೆ ಶಾಮಿಯಾನದಿಂದ ಕರೆ ಬಂತು. ಮುನೀಂದ್ರನಿಗೂ ನಮ್ಮ ಗೋಲ್ ಕೀಪರಿಗೂ ಹೇಳಿದರು, ಸೋಮವಾರ ಸರ್ಟಿಫಿಕೇಟು ತಗೊಂಡು ಆಫೀಸಿಗೆ ಬನ್ನಿ ಅಂತ.

ಕಾಗದದ ಆಟದಲ್ಲಿ ಆ ವರ್ಷ ಪ್ರಮೋದ್ ಗೆದ್ದ. ಅವನ ಟೀಮಿನಲ್ಲಿ ಮುನೀಂದ್ರನಿದ್ದ.

ಗಂಗರತ್ನಮ್ಮ ಪಾಯಿಂಟು ಕೇಳಲು ಗೋಡೆ ಕಡೆ ಹೋಗಲೇ ಇಲ್ಲ. ಮಗನನ್ನು ಕೈ ಹಿಡಿದು ಎಳೆದುಕೊಂಡು ಬಂದು ಕ್ಯಾಂಟೀನಿನ ಒಲೆಯ ಮುಂದೆ ಕೂರಿಸಿದಳು. ಮಣ್ಣು ಮೆತ್ತಿದ ಅಂಗಿಯಲ್ಲೇ ಕೂತ. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿಗೆ ನಿವಾಳಿಸಿದಳು. ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು ಎಂದು ಶುರು ಮಾಡುವುದು ವಾಡಿಕೆ. ಆಕೆ "ಹೆತ್ತೋಳ ಕಣ್ಣು" ಎಂದೇ ಶುರು ಮಾಡಿದಳು, ಅದರಲ್ಲೇ ಮುಗಿಸಿದಳು. ಒಲೆಗೆ ಹಾಕಿದಳು.

ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಬಾಗಿಲಲ್ಲಿ ನಿಂತ ನಾವೆಲ್ಲ ಒಲೆಯ ಕಡೆ ಕತ್ತು ಚಾಚಿದೆವು. ಕಾಯಿ ಚಟಪಟ ಅಂದವು, ಕಪ್ಪಾದವು. ಏನೂ ಬರಲಿಲ್ಲ. ಆಕೆ ಒಲೆಯನ್ನೇ ನೋಡುತ್ತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

ಮೊದಲು ಕೆಮ್ಮಿದವನು ಮುತ್ತರಾಯಪ್ಪ. ಆಮೇಲೆ ಪ್ರಮೋದ್. ಆಮೇಲೆ ನನ್ನ ಗಂಟಲಿಗೆ ಹತ್ತಿತು, ಕಣ್ಣಲ್ಲಿ ನೀರು ಸುರಿಯಿತು, ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಓಡಿದೆವು. ಒಳಗೆ ತಾಯಿ ಮಗ ಇಬ್ಬರೇ ಕೆಮ್ಮುತ್ತಿದ್ದರು. ಆ ಕೆಮ್ಮಿನ ನಡುವೆ ಆಕೆ ನಗುವುದು ಕೇಳಿಸಿತು.

"ಏಳ್ಲಾ ತಿಪ್ಪ, ಸೋಂಬೇರಿ," ಅಂದಳು. "ಎದ್ದು ಮುದ್ದೆ ತಿನ್ನು."