ಪೋಟ್ ಅಲ್ಲ, ಓಟಿಪೋಟ್

ಆರು ವರ್ಷ ನಾನು ಡಾಕ್ಟರುಗಳಿಗೆಲ್ಲ ಮರಾಠಿಯಲ್ಲಿ ‘ಪೋಟಾತ್ ದುಖ್ತಂ’, ಹೊಟ್ಟೆನೋವು ಎಂದೇ ಹೇಳುತ್ತಿದ್ದೆ. ಕಿಬ್ಬೊಟ್ಟೆಗೆ ಮರಾಠಿ ಶಬ್ದ ಗೊತ್ತಿರಲಿಲ್ಲ. ಅವರು ಅಸಿಡಿಟಿ ಮಾತ್ರೆ ಬರೆದು, ನಮ್ಮ ಉಡುಪಿ ಕಡೆಯ ಖಾರವನ್ನು ಬೈದು ಕಳಿಸುತ್ತಿದ್ದರು. ನಾನು ಲೋಕಲ್ ಟ್ರೇನಿನ ಕಂಬಿ ಹಿಡಿದು, ಬಗ್ಗಿ ನಿಂತೇ ಆಫೀಸಿಗೆ ಹೋಗುತ್ತಿದ್ದೆ.

ಕೊನೆಗೆ ಖಾರಘರದಲ್ಲಿ ಒಬ್ಬ ಲೇಡಿ ಡಾಕ್ಟರು ಸಿಕ್ಕಿದರು, ಧಾರವಾಡದವರು. “ಎಲ್ಲಿ ನೋವಾಗ್ತದ, ಕೈ ಇಟ್ಟು ತೋರಸ್ರಿ” ಎಂದರು. ತೋರಿಸಿದೆ.

“ಇದು ಕಿಬ್ಬೊಟ್ಟಿ ಅಲ್ಲೇನ್ರಿ! ಮರಾಠಿಯೊಳಗ ಓಟಿಪೋಟ್ ಅಂತಾರ. ಮುಟ್ಟಿನ ದಿನ ಜೋರಾಗ್ತದೇನು?”

ಆರು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಎಂಆರ್‌ಐ ಮಾಡಿಸಿ, ರಿಪೋರ್ಟ್ ನೋಡಿ ಹೇಳಿದರು: “ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗ ಬೆಳೀತದ. ಖಾರದ್ದೇನೂ ತಪ್ಪಿಲ್ಲ. ಇದಕ್ಕ ಔಷಧ ಅದ.”

ನೋವಿಗೊಂದು ಹೆಸರು ಸಿಕ್ಕ ಖುಷಿಗೆ ನಮ್ಮ ಡೊಂಬಿವಲಿಯಲ್ಲಿ ಟ್ರೇನ್ ಇಳಿದವಳೇ ಪೇಡೆ ಕೊಂಡು ಪಕ್ಕದ ಮನೆಯ ಮರಾಠಿ ಆಂಟಿ, ಕಾಕುಗೆ ಕೊಟ್ಟೆ. ಇಲ್ಲಿಯವರು ಗಂಡುಮಗು ಹುಟ್ಟಿದರೆ ಪೇಡೆ, ಹೆಣ್ಣಾದರೆ ಬರ್ಫಿ ಹಂಚುತ್ತಾರೆ ಎಂಬುದು ಮರೆತೇಹೋಗಿತ್ತು.

“ಅಗಬಾಯ್, ಮುಲ್ಗಾ? ಗಂಡುಮಗುವೇನೇ?” ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪೋಟ್ ಕಾಣಿಸಲೇ ಇಲ್ಲವಲ್ಲೇ!”

“ಪೋಟ್ ಅಲ್ಲ ಕಾಕು,” ಎಂದೆ ಹೆಮ್ಮೆಯಿಂದ, “ಓಟಿಪೋಟ್!”